ಅಕ್ಕೋರು ಕುಡಿದ ಉಪ್ಪುನೀರು

ಹೊಸ ಪುಸ್ತಕದ ವಾಸನೆ ನನಗೆ ಆಗುವುದಿಲ್ಲ. ಅಂಟು, ಮಸಿ, ಕಾಗದ ಎಲ್ಲ ಕೂಡಿದ ಆ ವಾಸನೆಗೆ ಜನ ಪುಟ ಬಿಡಿಸಿ ಮೂಗು ಹುಗಿದುಕೊಳ್ಳುವುದನ್ನು ನೋಡಿದ್ದೇನೆ. ನಾನು ಮಾತ್ರ ಮುಖ ತಿರುಗಿಸುತ್ತೇನೆ. ಮೊನ್ನೆ ಕಾರವಾರದಲ್ಲಿ ಕಚೇರಿ ಮುಗಿಸಿ ಅಂಕೋಲಾ ಬಸ್ಸು ಹತ್ತಿ ಕೂತಾಗ ಕಿಟಕಿಯ ಗಾಳಿಗೆ ಅದೇ ವಾಸನೆ ಬಂತು. ಪಕ್ಕದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ದಪ್ಪ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದಳು. ತುಟಿ ಸಣ್ಣಗೆ ಆಡುತ್ತಿತ್ತು. ಬೈತಖೋಲದ ತಿರುವು ಹೋಯಿತು, ಬಿಣಗಾ ಹೋಯಿತು, ಅರ್ಗಾದ ನೌಕಾನೆಲೆಯ ಗೋಡೆ ಉದ್ದಕ್ಕೆ ಹೋಯಿತು. ಹುಡುಗಿ ತಲೆ ಎತ್ತಲಿಲ್ಲ.

"ಅಯ್ಯಯ್ಯೋ, ಅರ್ಗಾ ಹೋಯ್ತಾ ಆಂಟಿ?"

ಕಂಡಕ್ಟರ್ ಬೈದ. ಹುಡುಗಿ ನಕ್ಕಳು. ಮುಂದಿನ ಸ್ಟಾಪಿನಲ್ಲಿ ಇಳಿಯುವ ಮೊದಲು ಬಾಗಿಲ ಹತ್ತಿರ ನಿಂತು, ನಾನು ಕೇಳದಿದ್ದರೂ ಹೇಳಿದಳು. "ಈ ಪುಸ್ತಕ ಹಿಂಗೇ ಆಂಟಿ, ಹಿಡಿದ್ರೆ ಬಿಡೂದಿಲ್ಲ. ಹಡಗಿನ ಕತೆ. ನೀವು ಓದಿದ್ರಾ? ಇದು ಹೊಸ ಮುದ್ರಣ. ಬರೆದೋರು ಈಗ ಇಲ್ವಂತೆ, ಹಿಂದಿನ ಪುಟದಲ್ಲಿ ಹಾಕಿದಾರೆ."

ಓದಿದ್ದೆ ಎಂದೆ. ಬಸ್ಸು ಹೊರಟಿತು. ಅಕ್ಕೋರು ತೀರಿಕೊಂಡಿದ್ದಾರೆ, ಮತ್ತು ಅದನ್ನು ನನಗೆ ಒಬ್ಬ ಗುರುತಿಲ್ಲದ ಹುಡುಗಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೇಳಿಹೋದಳು...

ಅಕ್ಕೋರು ಅಂದರೆ ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ನಮ್ಮಲ್ಲಿ ಗಂಡು ಶಿಕ್ಷಕರು ಮಾಸ್ತರು, ಹೆಣ್ಣು ಶಿಕ್ಷಕರು ಅಕ್ಕೋರು. ಅವರ ಹೆಸರು ಈಗ ರಾಜ್ಯಕ್ಕೆಲ್ಲ ಗೊತ್ತು. ನಾನು ಅದನ್ನು ಬರೆಯುವುದಿಲ್ಲ. ನನ್ನ ಪಾಲಿಗೆ ಅವರು ಅಕ್ಕೋರೇ. ಘಟ್ಟದ ಮೇಲಿನವರು, ಅಂಕೋಲೆಗೆ ವರ್ಗವಾಗಿ ಬರುವ ತನಕ ಸಮುದ್ರವನ್ನೇ ಕಂಡವರಲ್ಲ. ಮೊದಲ ಸಲ ಕಂಡ ದಿನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಸೀರೆ ಮೊಳಕಾಲ ತನಕ ಒದ್ದೆ ಮಾಡಿಕೊಂಡು ಶಾಲೆಗೆ ಬಂದಿದ್ದರಂತೆ. ಕೊನೆಯ ಪಿರಿಯಡ್ಡಿನಲ್ಲಿ ಪಾಠ ಬೇಗ ಮುಗಿಸಿ ಕತೆ ಹೇಳುತ್ತಿದ್ದರು. ಕಡಲಿನ ರಾಜನೊಬ್ಬ ಇಳಿತವನ್ನು ಕದ್ದುಬಿಟ್ಟಿದ್ದಾನೆ. ಅವತ್ತಿನಿಂದ ಬರೀ ಉಬ್ಬರ. ನೀರು ಏರುತ್ತಲೇ ಇದೆ, ಊರುಗಳು ಮುಳುಗುತ್ತಲೇ ಇವೆ. ಒಬ್ಬ ಹುಡುಗಿ ಹಡಗು ಹತ್ತಿ ಇಳಿತವನ್ನು ವಾಪಸು ತರಲು ಹೊರಡುತ್ತಾಳೆ. ಆ ಹಡಗು ನಮ್ಮೂರ ಅತ್ತೆಯಂದಿರ ಹಾಗೆ ದಿನವಿಡೀ ಗೊಣಗುತ್ತದೆ. ದಾರಿ ತೋರಿಸುವವನು ಒಬ್ಬ ಮುದಿ ಏಡಿ. ಅವನಿಗೆ ನೆಟ್ಟಗೆ ನಡೆಯಲು ಬರುವುದಿಲ್ಲವಾದ್ದರಿಂದ ಹಡಗೂ ಅಡ್ಡಡ್ಡ ಹೋಗುತ್ತದೆ. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ನಾನು ಮೀನುಗಾರರ ಮನೆಯವಳು ಅಂತ ಗೊತ್ತಾದ ಮೇಲೆ ಅಕ್ಕೋರು ನನ್ನನ್ನು ಬಿಡಲಿಲ್ಲ. ಗಾಳಿಗೆ ನಿಮ್ಮಲ್ಲಿ ಏನೇನು ಹೆಸರು? ನೀರಿನ ಬಣ್ಣ ನೋಡಿ ಬಂಗಡೆ ಮೀನು ಇದೆಯೋ ತಾರ್ಲೆ ಇದೆಯೋ ಹೇಳ್ತಾರಂತಲ್ಲ, ಹೌದಾ? ನನಗೇನು ಗೊತ್ತು? ನಾನು ದೋಣಿ ಹತ್ತಿದವಳೇ ಅಲ್ಲ. ಹೆಣ್ಣುಮಕ್ಕಳು ದೋಣಿಗೆ ಕಾಲಿಡಬಾರದು ಎನ್ನುವ ಮನೆ ನಮ್ಮದು. "ನಮ್ಮ ಅಪ್ಪನ್ನ ಕೇಳಿ ಅಕ್ಕೋರೆ" ಎಂದೆ. ಒಂದು ಭಾನುವಾರ ಕೊಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದೇಬಿಟ್ಟರು.

ನಮ್ಮ ಮನೆ ಆಗ ಹಟ್ಟಿಕೇರಿಯ ಕಡೆಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಮೂಲ ಮನೆ ಅರ್ಗಾದಲ್ಲಿತ್ತು. ನೌಕಾನೆಲೆಗೆ ಜಾಗ ಹೋದಾಗ ಊರೇ ಎದ್ದು ಬಂತು. ಈಗಲೂ ಬಸ್ಸಿನಲ್ಲಿ ಹೋಗುವಾಗ ಆ ಗೋಡೆಯೊಳಗೆ ಎಲ್ಲೋ ನಮ್ಮ ಬಾವಿ ಇದೆ ಅಂತ ಅನ್ನಿಸುತ್ತದೆ. ಹೊಸ ಮನೆಯಲ್ಲಿ ಅಪ್ಪ ಸುಮ್ಮನೆ ಕೂತಿರುತ್ತಿದ್ದ. ಮಾತು ಕಡಿಮೆಯಾಗಿತ್ತು. ಅಂಥ ಅಪ್ಪನ ಎದುರು ಅಕ್ಕೋರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಅಣ್ಣಾ, ನೀವು ಸಮುದ್ರದಲ್ಲಿ ಹೆದರಿದ್ದು ಯಾವಾಗ ಹೇಳಿ" ಅಂದರು. ಅಪ್ಪನನ್ನು ಜನ್ಮದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಮೀನು ಎಷ್ಟು ಸಿಕ್ಕಿತು ಅಂತ ಕೇಳುವವರೇ ಎಲ್ಲ. ಅವತ್ತು ಸಂಜೆ ಬಸ್ಸು ತಪ್ಪುವ ತನಕ ಅಪ್ಪ ಮಾತಾಡಿದ.

ಆಮೇಲೆ ಭಾನುವಾರ ಅಂದರೆ ಅಕ್ಕೋರು. ಮೀನು ಮುಟ್ಟದ ಮನೆಯಲ್ಲಿ ಹುಟ್ಟಿದವರು ನಮ್ಮ ಮನೆಯಲ್ಲಿ ಕೂತು ಮೊದಲು ಮುಳ್ಳಿಗೆ ಹೆದರಿದರು, ಆಮೇಲೆ ಬಂಗಡೆ ಸಾರಿಗೆ ಬೆರಳು ನೆಕ್ಕಿದರು. ಆಯಿ, ಅಂದರೆ ನನ್ನ ಅಮ್ಮ, ಅವರಿಗೆ ಅಂತಲೇ ತೆಂಗಿನಕಾಯಿ ಹೆಚ್ಚು ಅರೆದು ಹಾಕುತ್ತಿದ್ದಳು. ಆದರೆ ಅವರು ಹೋದ ಮೇಲೆ ಪಾತ್ರೆ ತಿಕ್ಕುತ್ತ ಒಂದು ಮಾತು ಎಸೆಯುತ್ತಿದ್ದಳು: "ಇಷ್ಟು ಕೇಳೋರು ಸುಮ್ನೆ ಕೇಳೂದಿಲ್ಲ ಮಾರಾಯ್ತಿ." ನನಗೆ ಆಯಿಯ ಮೇಲೆ ಸಿಟ್ಟು ಬರುತ್ತಿತ್ತು. ಓದು ಬರೆಹ ಗೊತ್ತಿಲ್ಲದವಳು, ಎಲ್ಲದರಲ್ಲೂ ಕೆಟ್ಟದ್ದೇ ಕಾಣುತ್ತಾಳೆ ಎಂದುಕೊಂಡಿದ್ದೆ. ಅಕ್ಕೋರು ಎಂದರೆ ನನಗೆ ಆಗ ಕೈ ಮುಗಿಯುವಷ್ಟು ಪ್ರೀತಿ.

ಈಗ ಕಲ್ಲಿನ ವಿಷಯ ಹೇಳಬೇಕು.

ದಡದಿಂದ ದೂರ, ನೀರಿನ ಅಡಿಗೆ ಒಂದು ದೊಡ್ಡ ಕಲ್ಲಿದೆ. ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ, ಎಲ್ಲ ಕಡೆಯ ಹಾಗೆ ನೀರು. ಅಡಿಯಲ್ಲಿ ಮಾತ್ರ ಕಲ್ಲಿನ ಸಂದುಗೊಂದಿಯಲ್ಲಿ ದೊಡ್ಡ ದೊಡ್ಡ ಮೀನು ಮನೆ ಮಾಡಿಕೊಂಡಿರುತ್ತವೆ. ಅದನ್ನು ಹುಡುಕುವುದಕ್ಕೆ ಗುರ್ತು ಬೇಕು. ದೋಣಿಯಲ್ಲಿ ದಡದ ಕಡೆ ಮುಖ ಮಾಡಿ, ಒಂದು ಗುಡ್ಡ ಮತ್ತು ಅದರ ಮುಂದಿನ ಒಂದು ಬಂಡೆ ಒಂದರ ಹಿಂದೆ ಒಂದು ಸರಿಯಾಗಿ ಕೂಡುವಂತೆ ನಿಲ್ಲಬೇಕು. ಇನ್ನೊಂದು ದಿಕ್ಕಿನಲ್ಲಿ ಅಂಥದೇ ಇನ್ನೊಂದು ಜೋಡಿ. ಆ ಎರಡು ಗೆರೆ ಎಲ್ಲಿ ಕೂಡುತ್ತವೋ ಅಲ್ಲಿ ದೋಣಿಯ ಅಡಿಗೆ ಕಲ್ಲು. ಯಾವ ಗುಡ್ಡ, ಯಾವ ಬಂಡೆ ಎನ್ನುವುದೇ ಗುಟ್ಟು. ನಮ್ಮ ಜಾಗ ಹೋಯಿತು, ಬಾವಿ ಹೋಯಿತು, ಕಲ್ಲು ಮಾತ್ರ ಯಾರ ಕಾಗದದಲ್ಲೂ ಇರಲಿಲ್ಲವಾದ್ದರಿಂದ ನಮ್ಮ ಹತ್ತಿರವೇ ಉಳಿಯಿತು.

ಆ ಗುರ್ತು ಹೇಳುವುದಕ್ಕೆ ನಮ್ಮ ಮನೆಯಲ್ಲಿ ಒಂದು ಪದ್ಧತಿ. ತಿಳಿದವನು ತನ್ನ ಜೀವಮಾನದಲ್ಲಿ ಒಬ್ಬರಿಗೆ ಮಾತ್ರ ಹೇಳಬಹುದು. ಹೇಳಿಸಿಕೊಂಡವರು ಬೊಗಸೆಯಲ್ಲಿ ಕಡಲಿನ ನೀರು ತೆಗೆದು ಒಂದು ಗುಟುಕು ಕುಡಿದು, "ಇದು ನನ್ನ ಹೊಟ್ಟೆಯಲ್ಲೇ ಇರ್ತದೆ" ಅನ್ನಬೇಕು. ಹೇಳಿಸಿಕೊಂಡವರು ಮೊದಲೇ ಸತ್ತರೆ ಮಾತ್ರ ಇನ್ನೊಬ್ಬರಿಗೆ ಹೇಳುವ ಹಕ್ಕು. ಅಜ್ಜ ಅದನ್ನು ಹಿರಿಯನಾದ ದೊಡ್ಡಪ್ಪನಿಗೆ ಹೇಳಲಿಲ್ಲ. ಅವನ ಬಾಯಿ ಸಡಿಲು ಅಂತ ಅಪ್ಪನಿಗೆ ಹೇಳಿದ. ದೊಡ್ಡಪ್ಪ ಅದನ್ನು ನುಂಗಿಕೊಂಡಿದ್ದ, ಪದ್ಧತಿ ಪದ್ಧತಿಯೇ ತಾನೆ. ಅಪ್ಪ ಪಾತಿ ಎನ್ನುವ ಸಣ್ಣ ದೋಣಿಯಲ್ಲಿ ಒಬ್ಬನೇ ಆ ಕಲ್ಲಿಗೆ ಹೋಗಿ ಗಾಳ ಹಾಕಿ ಬರುತ್ತಿದ್ದ. ಮೀನು ಮೊಟ್ಟೆ ಇಡುವ ಕಾಲದಲ್ಲಿ ಆ ಕಡೆ ತಲೆ ಹಾಕುತ್ತಿರಲಿಲ್ಲ. ತಂದ ಮೀನು ದೊಡ್ಡಪ್ಪನ ಮನೆಗೆ ಅರ್ಧ, ನಮಗೆ ಅರ್ಧ. ಬಲೆ ಖಾಲಿ ಬಂದ ವರ್ಷಗಳಲ್ಲಿ ಎರಡೂ ಮನೆಯ ಒಲೆ ಉರಿದದ್ದು ಆ ಕಲ್ಲಿನಿಂದ.

ಅಪ್ಪನಿಗೆ ನಾನೊಬ್ಬಳೇ ಮಗಳು. "ನಂಗೆ ಹೇಳು" ಅಂತ ಚಿಕ್ಕವಳಿದ್ದಾಗ ಕೊಸರಾಡಿದರೆ ನಗುತ್ತಿದ್ದ. "ನೀನು ನಾಳೆ ಬೇರೆ ಮನೆಗೆ ಹೋಗೋಳು ಮಗಾ. ನಿಂಗೆ ಎಂತಕ್ಕೆ?" ಹಾಗಾದರೆ ಯಾರಿಗೆ ಹೇಳುತ್ತೀಯ? ಅಂದರೆ ಬಲೆ ಕೈಗೆತ್ತಿಕೊಳ್ಳುತ್ತಿದ್ದ.

ಉತ್ತರ ಒಂದು ಬೆಳಿಗ್ಗೆ ಸಿಕ್ಕಿತು. ಮಳೆಗಾಲ ಕಳೆದು ಕಡಲು ತಣ್ಣಗಾಗಿದ್ದ ದಿನ. ಅಕ್ಕೋರು ಬೆಳಕು ಹರಿಯುವಾಗಲೇ ಬಂದಿದ್ದರು, ಸೀರೆ ಎತ್ತಿ ಸಿಕ್ಕಿಸಿಕೊಂಡಿದ್ದರು. ಅಪ್ಪ ಅವರ ಕೈ ಹಿಡಿದು ದೋಣಿಗೆ ಹತ್ತಿಸಿದ. ಕೇರಿಯವರೆಲ್ಲ ದಡದಲ್ಲಿ ಬಾಯಿ ಬಿಟ್ಟುಕೊಂಡು ನಿಂತರು. ಹೆಂಗಸು ದೋಣಿಯಲ್ಲಿ! ನಾನು ಬಾವಿಕಟ್ಟೆಯ ಹತ್ತಿರ ಕೊಡ ಹಿಡಿದುಕೊಂಡು ನೋಡಿದೆ. ನನ್ನನ್ನು ಒಂದು ಸಲವೂ ಹತ್ತಿಸದ ದೋಣಿ ಅದು.

ಸಂಜೆ ಹೊತ್ತಿಗೆ ಅಪ್ಪನೇ ಹೇಳಿದ, ಹೇಳಿಬಿಟ್ಟೆ ಅಂತ. ಅಕ್ಕೋರು ಉಪ್ಪುನೀರು ಕುಡಿದಿದ್ದರು. ಎಲ್ಲಾ ಬರೀರಿ ಅಕ್ಕೋರೆ, ಇದೊಂದು ಬಿಟ್ಟು ಅಂತ ಅಪ್ಪ ಹೇಳಿದ್ದನಂತೆ. ನನ್ನ ಹೊಟ್ಟೆಯಲ್ಲೇ ಇರ್ತದೆ ಅಣ್ಣಾ ಅಂದರಂತೆ ಅವರು. ಅಪ್ಪನ ಮುಖ ಆ ದಿನ ಮದುವೆಮನೆಯ ಯಜಮಾನನ ಮುಖ. "ಅವರು ಕೇಳಿದ ಹಾಗೆ ಯಾರು ಕೇಳ್ತಾರೆ ಮಗಾ? ಕಣ್ಣಲ್ಲಿ ನೀರು ಹಾಕ್ಕೊಂಡು ಕೇಳಿದ್ರು." ನಾನು ಆವತ್ತು ಊಟ ಮಾಡಲಿಲ್ಲ. ಅಕ್ಕೋರೇನು ಗಂಡಸಾ ಅಂತ ಕೇಳಿದೆ. ಅಪ್ಪ ತಲೆ ಕೆರೆದುಕೊಂಡ. ಆದರೂ ಮರುವಾರ ಅಕ್ಕೋರು ಬಂದಾಗ ನಾನೇ ಚಾ ಮಾಡಿ ಕೊಟ್ಟೆ. ಪ್ರೀತಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲವಲ್ಲ.

ಪುಸ್ತಕ ಬಂದದ್ದು ನಾನು ಕಾಲೇಜು ಸೇರಿದ ಮೇಲೆ. ಅಕ್ಕೋರು ತಾವೇ ಒಂದು ಪ್ರತಿ ತಂದುಕೊಟ್ಟರು, ನಾನು ಮೂಗಿಗೆ ಹಿಡಿದು ಆ ವಾಸನೆಯನ್ನು ಎಳೆದುಕೊಂಡೆ. ಹೌದು, ನಾನೂ ಹಾಗೆ ಮಾಡಿದವಳೇ.

ಆ ಪುಸ್ತಕಕ್ಕೆ ಜನ ಬಿದ್ದ ರೀತಿ ಈಗಿನವರಿಗೆ ಹೇಳಿದರೆ ನಂಬಲಿಕ್ಕಿಲ್ಲ. ಅಂಕೋಲೆಯ ವಾಚನಾಲಯದ ಪ್ರತಿ ಉಬ್ಬಿ ಎರಡರಷ್ಟು ದಪ್ಪ ಆಗಿತ್ತು. ಓದಲು ಬಾರದ ಮೀನು ಮಾರುವ ಹೆಂಗಸರು ಮಕ್ಕಳ ಹತ್ತಿರ ಓದಿಸಿಕೊಂಡು, ಪೇಟೆಯಲ್ಲಿ ಬುಟ್ಟಿಯ ಹಿಂದೆ ಕೂತು, ಹಡಗಿನ ಗೊಣಗಾಟವನ್ನು ಒಬ್ಬರಿಗೊಬ್ಬರು ಹೇಳಿ ನಗುತ್ತಿದ್ದರು. ಕಡಲನ್ನೇ ಕಾಣದ ಘಟ್ಟದ ಮೇಲಿನವರೂ ಓದಿದರು. ಯಾಕೆ ಅಂತ ನಾನು ಬಹಳ ಯೋಚಿಸಿದ್ದೇನೆ. ಅಲ್ಲಿಯ ತನಕ ನಾನು ಓದಿದ ಪುಸ್ತಕಗಳಲ್ಲಿ ಕಡಲನ್ನು ದಡದಿಂದಲೇ ನೋಡುತ್ತಿದ್ದರು. ಸೂರ್ಯ ಮುಳುಗುತ್ತಾನೆ, ಯಾರೋ ನಿಟ್ಟುಸಿರು ಬಿಡುತ್ತಾರೆ, ಮುಗಿಯಿತು. ಅಕ್ಕೋರ ಪುಸ್ತಕದಲ್ಲಿ ಕಡಲಿನಿಂದ ದಡವನ್ನು ನೋಡುತ್ತೇವೆ. ಊರು ಸಣ್ಣದಾಗುತ್ತ ಹೋಗುತ್ತದೆ, ಎದೆ ಝಲ್ಲೆನ್ನುತ್ತದೆ. ಏಳು ರಾಜ್ಯ, ಮುಳುಗಿದವರ ಪಟ್ಟಣ, ಹಡಗು ನುಂಗುವ ಸುಳಿ, ಎಲ್ಲ ಸುಳ್ಳೇ. ಆದರೆ ಹಗ್ಗ ಹೇಗೆ ಅಂಗೈ ಕೊಯ್ಯುತ್ತದೆ, ಗಾಳಿ ತಿರುಗುವ ಮೊದಲು ಕಿವಿಯ ಹಿಂದೆ ಹೇಗೆ ತಣ್ಣಗಾಗುತ್ತದೆ, ಅದು ಮಾತ್ರ ನಿಜ. ನೀರು ಏರಿ ಊರು ಬಿಟ್ಟು ಹೊರಡುವವರು ಬಾವಿಗೆ ಕೈ ಮುಗಿಯುವ ಅಧ್ಯಾಯವನ್ನು ನಮ್ಮ ಕೇರಿಯಲ್ಲಿ ಯಾರೂ ಒಂದೇ ಉಸಿರಿಗೆ ಓದಿ ಮುಗಿಸಿಲ್ಲ. ಅದೆಲ್ಲ ಅಪ್ಪನ ಮಾತು. ಓದುವಾಗ ನನಗೆ ಹೆಮ್ಮೆಯಿಂದ ಮೈ ಜುಮ್ಮೆನ್ನುತ್ತಿತ್ತು.

ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ದಿನಾ ಸಂಜೆ ಜಗಲಿಯಲ್ಲಿ ಅಪ್ಪ ಬಲೆ ಸರಿಮಾಡುತ್ತ ಕೂರುವುದು, ನಾನು ಓದುವುದು. "ಈ ಏಡಿ ನಿನ್ನ ದೊಡ್ಡಪ್ಪನೇ ಹೌದು ಕಾಣು!" ಅಂತ ತೊಡೆ ತಟ್ಟಿ ನಗುತ್ತಿದ್ದ. ಹೀಗೆ ಓದುತ್ತ ಓದುತ್ತ ಆ ಅಧ್ಯಾಯಕ್ಕೆ ಬಂದೆವು... ಹಡಗಿನ ಹುಡುಗಿ ಮುಳುಗಿದವರ ಪಟ್ಟಣಕ್ಕೆ ಹೋಗಬೇಕು. ದಾರಿ ಗೊತ್ತಿರುವವನು ಒಬ್ಬನೇ ಮುದುಕ. ಅವನು ಅವಳ ಬೊಗಸೆಗೆ ಉಪ್ಪುನೀರು ಹಾಕುತ್ತಾನೆ. ಅವಳು ಕುಡಿಯುತ್ತಾಳೆ. ಇದು ನನ್ನ ಹೊಟ್ಟೆಯಲ್ಲೇ ಇರುತ್ತದೆ ಎನ್ನುತ್ತಾಳೆ. ನನ್ನ ಧ್ವನಿ ಅಲ್ಲಿಗೇ ನಿಂತಿತು. ಅಪ್ಪನ ಕೈಯೂ ನಿಂತಿತ್ತು.

"ಮುಂದೆ ಓದು" ಎಂದ.

ಮುಂದಿನ ಪುಟದಲ್ಲಿ ಗುರ್ತು ಇತ್ತು. ಗುಡ್ಡ, ಬಂಡೆ, ಎರಡನೆಯ ಜೋಡಿ, ಎಲ್ಲ. ಹೆಸರು ಮಾತ್ರ ಬೇರೆ. ಗುಡ್ಡಕ್ಕೆ 'ಹಲ್ಲು ಮುರಿದ ರಾಣಿ' ಅಂತ ಹೆಸರಿಟ್ಟು, ಅವಳ ಬೆನ್ನು ಹೇಗಿದೆ, ಮುರಿದ ಹಲ್ಲು ಯಾವ ಕಡೆಗಿದೆ ಅಂತ ಕಣ್ಣಿಗೆ ಕಟ್ಟುವಂತೆ ಬರೆದಿದ್ದರು. ನನ್ನ ಅಜ್ಜ ಅಪ್ಪನಿಗೆ ಮಾತ್ರ ಹೇಳಿದ್ದನ್ನು, ಅಪ್ಪ ನನಗೆ ಹೇಳದೆ ಇದ್ದದ್ದನ್ನು, ನಾನು ಅಚ್ಚಾದ ಪುಸ್ತಕದಿಂದ ಅಪ್ಪನಿಗೇ ಓದಿ ಹೇಳಿದೆ. ಇಂಥ ಹಣೆಬರಹ ಯಾರಿಗೂ ಬೇಡ.

"ರಾಣಿಯಂತೆ ರಾಣಿ" ಎಂದು ಅಪ್ಪ ನಕ್ಕ. ನಗು ಸರಿ ಇರಲಿಲ್ಲ. "ಅದಕ್ಕೆ ಯಾರು ರಾಣಿ ಅಂತಾರೆ? ಅಜ್ಜ ಇಟ್ಟ ಹೆಸರೇ ಬೇರೆ."

"ಎಂತಾ ಹೆಸರು?"

"ಅದು ನಿಂಗೆ ಹೇಳೂಕೆ ಆಗೂದಿಲ್ಲ ಮಗಾ. ಒಬ್ಬರಿಗೆ ಹೇಳಿ ಆಯ್ತಲ್ಲ."

ಎದುರಿಗೆ ಅಚ್ಚಾಗಿ ಬಿದ್ದಿದೆ, ಊರೆಲ್ಲ ಓದುತ್ತಿದೆ, ಇವನಿಗೆ ಇನ್ನೂ ಪದ್ಧತಿ! ಪುಸ್ತಕ ಎತ್ತಿ ಅಂಗಳಕ್ಕೆ ಎಸೆದೆ. ಅಪ್ಪನೇ ಹೋಗಿ ಹೆಕ್ಕಿಕೊಂಡು ಬಂದು ಮಣ್ಣು ಒರೆಸಿಟ್ಟ.

ಒಂದು ಹಂಗಾಮು ಏನೂ ಆಗಲಿಲ್ಲ. ಅಕ್ಕೋರೂ ಸಭೆ ಸಮಾರಂಭ ಅಂತ ನಮ್ಮ ಕಡೆ ಬರಲಿಲ್ಲ. ಅಷ್ಟರಲ್ಲಿ ಕಾರವಾರದ ಕಾಲೇಜು ಹುಡುಗರಿಗೆ ಒಂದು ಹುಚ್ಚು ಹಿಡಿದಿತ್ತು. ಪುಸ್ತಕ ಬಗಲಲ್ಲಿ ಇಟ್ಟುಕೊಂಡು ಬೈಕಿನಲ್ಲಿ ದಡದುದ್ದಕ್ಕೂ ತಿರುಗುವುದು, ಕತೆಯಲ್ಲಿರುವ ಜಾಗ ಯಾವ ಜಾಗದ ಹಾಗಿದೆ ಅಂತ ಹುಡುಕುವುದು. ಪಾಪ, ಪುಸ್ತಕದ ಪ್ರೀತಿಗೆ ಮಾಡಿದ್ದು, ಅವರನ್ನು ನಾನು ಬೈಯುವುದಿಲ್ಲ. ಆದರೆ ಅವರಲ್ಲಿ ಒಬ್ಬ ಬೋಟಿನ ಯಜಮಾನನ ಮಗ. ಉಳಿದವರಿಗೆ ಗುಡ್ಡ ಗುಡ್ಡವೇ. ಕಡಲಿನವರ ಮನೆಯಲ್ಲಿ ಹುಟ್ಟಿದವನಿಗೆ ಗೊತ್ತು, ಒಂದು ಗುಡ್ಡದ ಮುಂದೆ ಒಂದು ಬಂಡೆ ಬಂದರೆ ಅದು ಕತೆಯಲ್ಲ ಅಂತ. ರಾಣಿಯ ಹಲ್ಲನ್ನು ಅವನು ಕಂಡುಹಿಡಿದ. ತನ್ನ ಅಪ್ಪನ ಬೋಟಿನಲ್ಲಿ ಹೋಗಿ ಕಲ್ಲನ್ನೂ ಕಂಡುಹಿಡಿದ. ಆಗ ತಾನೇ ಬೋಟುಗಳಿಗೆ ಜಿಪಿಎಸ್ ಬರುತ್ತಿದ್ದ ಕಾಲ. ಜಾಗವನ್ನು ಒಂದು ಸಲ ಒತ್ತಿಟ್ಟುಕೊಂಡರೆ ಆಯಿತು, ಮತ್ತೆ ಗುಡ್ಡವೂ ಬೇಡ, ಬಂಡೆಯೂ ಬೇಡ. ಒಬ್ಬನಿಂದ ಇನ್ನೊಬ್ಬನಿಗೆ ಹೋಯಿತು. ದೊಡ್ಡ ಇಂಜಿನ್ನಿನ ಬೋಟುಗಳು ಬಂದು ಹಗಲಿಡೀ ಅಲ್ಲೇ ಠಿಕಾಣಿ ಹೂಡಿದವು. ಮೊಟ್ಟೆಯ ಕಾಲವೂ ನೋಡಲಿಲ್ಲ, ಮರಿಯನ್ನೂ ಬಿಡಲಿಲ್ಲ. ಅಪ್ಪ ತನ್ನ ಪಾತಿ ದೋಣಿಯಲ್ಲಿ ಹೋದರೆ ಹತ್ತಿರ ಬರಲೂ ಬಿಡುತ್ತಿರಲಿಲ್ಲ. ನೋಡನೋಡುತ್ತಿದ್ದಂತೆ ಕಲ್ಲು ಬರಿದಾಯಿತು.

ದೊಡ್ಡಪ್ಪ ಬಂದು ಅಂಗಳದಲ್ಲೇ ನಿಂತ. ಜಗಲಿ ಹತ್ತಲಿಲ್ಲ. "ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಂಗೆ ಹೇಳೂಕೆ ನಿಂಗೆ ಪದ್ಧತಿ ಅಡ್ಡ ಬಂತು. ಪುಸ್ತಕ ಬರೆಯೋರಿಗೆ ಹೇಳೂಕೆ ಅಡ್ಡ ಬರ್ಲಿಲ್ವಾ? ನನ್ನ ಬಾಯಿ ಸಡಿಲು ಅಂತಿದ್ದ ಅಪ್ಪ. ಬಂದು ನೋಡ್ಲಿ ಈಗ." ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆವತ್ತಿನಿಂದ ಎರಡು ಮನೆಗೂ ಮಾತಿಲ್ಲ. ದೊಡ್ಡಪ್ಪ ಸತ್ತಾಗ ಅಪ್ಪನನ್ನು ಹೆಣದ ಹತ್ತಿರ ಬಿಟ್ಟರು, ಹೆಗಲು ಕೊಡಲು ಬಿಡಲಿಲ್ಲ.

ಜಗಳವಾದ ಮರುದಿನ ನಾನು ಅಂಕೋಲೆಗೆ ಹೋದೆ. ಅಕ್ಕೋರು ಬಾಗಿಲು ತೆರೆದವರೇ ಅರಳಿದರು.

"ಬಾ ಬಾ ತಂಗಿ! ಎಲ್ಲಿಯವರೆಗೆ ಓದಿದೆ?"

"ಉಪ್ಪುನೀರು ಕುಡಿಯೂ ತನಕ."

ಅವರು ಕುರ್ಚಿ ಹಿಡಿದು ಕೂತರು. ನಾನು ನಿಂತೇ ಇದ್ದೆ. ಬೋಟು ಬಂದದ್ದು, ದೊಡ್ಡಪ್ಪ ಅಂದದ್ದು, ಎಲ್ಲ ಹೇಳಿದೆ. ಅವರ ಮುಖ ಬಿಳಿಚಿತು, ಅದು ನಾಟಕ ಅಲ್ಲ ಅಂತ ಈಗಲೂ ಹೇಳುತ್ತೇನೆ. "ಹೆಸರೆಲ್ಲ ಬದಲಾಯಿಸಿದ್ದೆ ತಂಗಿ" ಅಂದರು. "ಮಾತಾಡೋ ಏಡಿಯ ಪಕ್ಕದಲ್ಲಿಟ್ಟರೆ ನಿಜವೂ ಕಟ್ಟುಕತೆಯಂತೆ ಕಾಣ್ತದೆ ಅಂದ್ಕೊಂಡೆ. ಯಾರು ನಂಬ್ತಾರೆ ಅಂದ್ಕೊಂಡೆ."

"ಸುಳ್ಳು ಗುರ್ತು ಹಾಕಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅವರು ಹೇಳಿದರು. "ಹಾಕಿ ನೋಡಿದೆ. ಎಷ್ಟೋ ಸಲ ಬರೆದೆ. ಆ ಪುಟ ಸತ್ತು ಬಿದ್ದಿರ್ತಿತ್ತು. ನಿಜದ್ದು ಬರೆದ ದಿನ ಪುಸ್ತಕ ಎದ್ದು ಕೂತಿತು. ನೀನೂ ಓದಿದ್ದೀಯಲ್ಲ, ನಿಂಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗಿತ್ತು. ಅದೇ ನನ್ನ ಸಂಕಟ. ಇಡೀ ಪುಸ್ತಕದಲ್ಲಿ ಅಂಥ ಅಧ್ಯಾಯ ಇನ್ನೊಂದಿಲ್ಲ. ಜನ ಹುಚ್ಚರಾದದ್ದೇ ಅದಕ್ಕೆ. ಆದರೆ ಅವರು ಗುಟ್ಟನ್ನು ಮಾತ್ರ ಮಾರಲಿಲ್ಲ, ಗುಟ್ಟು ಕಾಯುತ್ತೇನೆ ಅಂತ ಕುಡಿದ ನೀರನ್ನೂ ಮಾರಿದರು. ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದೇ. ಇವರು ಎಣಿಸಿ ಸುಮ್ಮನಾಗಲಿಲ್ಲ, ಎಷ್ಟಿವೆ ಅಂತ ಊರಿಗೆ ಡಂಗುರ ಸಾರಿದರು. "ನಿಮಗೆ ಬಂಗಡೆ ಸಾರು ಹಾಕಿದ ಕೈಗೆ ಹುಳ ಬೀಳ್ಲಿ" ಅಂತ ನನ್ನ ಆಯಿಗೇ ಶಾಪ ಹಾಕಿ, ಮೆಟ್ಟಿಲು ಇಳಿದು ಬಂದೆ. ಅವರು ಹಿಂದಿನಿಂದ ತಂಗೀ ತಂಗೀ ಅಂತ ಕರೆದರು. ತಿರುಗಿ ನೋಡಲಿಲ್ಲ.

ಆಮೇಲೆ ಅವರಿಗೆ ಘಟ್ಟದ ಮೇಲೆ ವರ್ಗವಾಯಿತು. ನಮ್ಮ ಮನೆಗೆ ಬರಲಿಲ್ಲ. ಬರುವ ಮುಖ ಎಲ್ಲಿತ್ತು? ಸಭೆ ಸನ್ಮಾನ ಆಗುತ್ತಿದ್ದ ಸುದ್ದಿ ಬರುತ್ತಿತ್ತು. ಪುಸ್ತಕದ ಮೊದಲ ಪುಟದಲ್ಲಿ 'ಕಡಲು ತೋರಿಸಿದ ಹಿರಿಯರೊಬ್ಬರಿಗೆ' ಅಂತ ಒಂದು ಸಾಲಿದೆ. ಗುರ್ತು ಪೂರ್ತಿ ಬಂತು. ಅಪ್ಪನ ಹೆಸರು ಮಾತ್ರ ಬರಲಿಲ್ಲ. ನೆಚ್ಚಿದ ಎಮ್ಮೆ ಕೋಣ ಈಯಿತು ಅಂತ ಆಯಿ ಸಾಯುವ ತನಕ ಹೇಳುತ್ತಿದ್ದಳು. ಅಪ್ಪ ಒಂದು ದಿನವೂ ಅಕ್ಕೋರನ್ನು ಬೈಯಲಿಲ್ಲ. ಅವನು ಬೈದಿದ್ದರೆ ನನ್ನ ಸಿಟ್ಟು ಇಷ್ಟು ವರ್ಷ ಬಾಳುತ್ತಿರಲಿಲ್ಲವೋ ಏನೋ...

ಅದು ಬಿಡಿ, ಕಡಲಿಗೆ ಹೋಗುವುದು ನಿಂತ ಮೇಲೆ ಅವನೇ ಸಂಜೆ ಹೊತ್ತಿಗೆ, "ಆ ಪುಸ್ತಕ ತೆಗಿ ಮಗಾ" ಅನ್ನತೊಡಗಿದ. ಯಾವ ಅಧ್ಯಾಯ ಅಂತ ಹೇಳಬೇಕಾಗಿರಲಿಲ್ಲ. ಹುಡುಗಿ ಕಲ್ಲಿನ ಮೇಲೆ ನಿಂತು ಕೆಳಗೆ ನೋಡುತ್ತಾಳೆ. ಅಡಿಯಲ್ಲಿ ಬಾಗಿಲಷ್ಟು ದೊಡ್ಡ ಮೀನುಗಳು ಬೀದಿಯಲ್ಲಿ ಓಡಾಡುವ ಜನರ ಹಾಗೆ ಓಡಾಡುತ್ತಿವೆ. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಹಲ್ಲು ಕಚ್ಚಿಕೊಂಡು ನಾನು ಓದುತ್ತಿದ್ದೆ. ಎಷ್ಟೋ ವರ್ಷ ಓದಿದೆ. ಅವನ ಕಲ್ಲು ಈಗ ಅಲ್ಲಿ ಬಿಟ್ಟರೆ ಬೇರೆಲ್ಲಿಯೂ ಇರಲಿಲ್ಲ.

ಮೊನ್ನೆ ಬಸ್ಸು ಇಳಿದು ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಕ್ಕೋರು ಹೋದರಂತೆ ಅಪ್ಪ. ಅವನು ಊರುಗೋಲು ಹಿಡಿದುಕೊಂಡು ಕೂತಿದ್ದ. "ಹೋದ್ರಾ?" ಅಂದ. ಅವನ ಕಣ್ಣಲ್ಲಿ ನೀರು ಬಂದದ್ದು ನೋಡಿ ನನಗೆ ಮತ್ತೆ ಸಿಟ್ಟು ಬಂತು.

"ಹಂಗಾದ್ರೆ," ಎಂದ, "ಇನ್ನು ನಿಂಗೆ ಹೇಳಬೋದು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಇಷ್ಟು ವರ್ಷ ಅವನು ಪದ್ಧತಿ ಕಾದಿದ್ದ. ಅಕ್ಕೋರು ಊರಿಗೆಲ್ಲ ಹಂಚಿದ್ದನ್ನು, ಬೋಟಿನವರು ಜಿಪಿಎಸ್ಸಿನಲ್ಲಿ ಹಾಕಿಕೊಂಡದ್ದನ್ನು, ಕಡೆಗೆ ಒಂದು ಮೀನೂ ಉಳಿಯದ್ದನ್ನು, ಅಕ್ಕೋರು ಬದುಕಿದ್ದಾರೆ ಎನ್ನುವ ಕಾರಣಕ್ಕೆ ಮಗಳಿಗೆ ಹೇಳದೆ ಇಟ್ಟುಕೊಂಡಿದ್ದ.

ಮರುದಿನ ಬೆಳಿಗ್ಗೆ ನನ್ನ ಹೆಗಲು ಹಿಡಿದುಕೊಂಡು ದಡಕ್ಕೆ ಬಂದ. ದೋಣಿ ಮಾರಿ ಎಷ್ಟೋ ಕಾಲವಾಗಿದೆ. "ಇಲ್ಲೇ ಆಗ್ತದೆ" ಅಂತ ಮೊಳಕಾಲ ತನಕ ನೀರಿಗೆ ಇಳಿದು, ಬೊಗಸೆಯಲ್ಲಿ ನೀರು ಎತ್ತಿ ನನ್ನ ಬೊಗಸೆಗೆ ಹಾಕಿದ. ಕುಡಿದೆ. ಗಂಟಲು ಉರಿಯಿತು. "ಇದು ನನ್ನ ಹೊಟ್ಟೆಯಲ್ಲೇ ಇರ್ತದೆ" ಅಂದೆ. ನಗು ಬರಲಿಲ್ಲ, ಚಿಕ್ಕಂದಿನಿಂದ ಕಾದ ಮಾತು ಅದು. ಅಪ್ಪ ನನ್ನ ಕಿವಿಯ ಹತ್ತಿರ ಬಾಗಿ, ಯಾರಾದರೂ ಕೇಳಿಸಿಕೊಂಡಾರು ಎನ್ನುವ ಹಾಗೆ, ಪಿಸುಮಾತಿನಲ್ಲಿ ಶುರುಮಾಡಿದ.

"ಮೊದ್ಲು ಹಲ್ಲು ಮುರಿದ ರಾಣಿ..."

"ಅಪ್ಪ," ಎಂದೆ, "ಅದು ಪುಸ್ತಕದ ಹೆಸರು. ಅಜ್ಜ ಎಂತಾ ಅಂತಿದ್ದ?"

"ಅಜ್ಜನೂ ಹಿಂಗೇ ಅಂತಿದ್ದ."

"ಅಲ್ಲ ಅಪ್ಪ. ಅಜ್ಜನ ಹೆಸರೇ ಬೇರೆ ಅಂತ ನೀನೇ ಹೇಳಿದ್ದೆ. ನೀನೇ ನಕ್ಕಿದ್ದೆ."

ಅಪ್ಪ ಗುಡ್ಡದ ಕಡೆ ತಿರುಗಿದ. ಬಾಯಿ ತೆರೆದ, ಮುಚ್ಚಿದ. ಏನೋ ಒಂದು ನಾಲಿಗೆಯ ತುದಿಯ ತನಕ ಬಂದು ಹಿಂದೆ ಹೋಗುವುದು ನನಗೆ ಕಾಣುತ್ತಿತ್ತು. ಒಂದು ತೆರೆ ಬಂದು ಹೋಯಿತು, ಇನ್ನೊಂದು ಬಂತು. ನಾನು ಅವನ ರಟ್ಟೆ ಹಿಡಿದುಕೊಂಡೆ.

"ಅಕ್ಕೋರಿಗೆ ಗೊತ್ತು" ಎಂದ ಅಪ್ಪ. "ಅವರಿಗೆ ಅಜ್ಜ ಹೇಳಿದ ಹಾಗೇ ಹೇಳಿದ್ದೆ. ಅವರತ್ರ ಕೇಳು ಮಗಾ."

ಹೇಳಿದ ಮೇಲೆ, ಅಕ್ಕೋರು ಇಲ್ಲ ಅಂತ ಅವನಿಗೇ ನೆನಪಾಯಿತು. ನನ್ನ ಕೈ ಹಿಡಿದುಕೊಂಡ. ಅವರ ಮುಖ ನೋಡುವುದಿಲ್ಲ ಅಂತ ಇಷ್ಟು ವರ್ಷ ಬದುಕಿದವಳು ನಾನು. ಆ ಬೆಳಿಗ್ಗೆ, ನೀರಿನಲ್ಲಿ ನಿಂತು, ನನಗೆ ಅಕ್ಕೋರು ಬೇಕಾಗಿದ್ದರು.